ಹನ್ನೊಂದು, ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರ: ಎಲ್ಲಿಂದ ಹಿಡಿಯಬೇಕು?

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದು, ಸಂಘಸಂಸ್ಥೆಗಳ ಪ್ರತಿಭಾ ಪುರಸ್ಕಾರಗಳು ಮುಗಿದು, ಮಕ್ಕಳು ವಿಜ್ಞಾನ ವಿಭಾಗಕ್ಕೆ ಸೇರಿದ ಎರಡು ಮೂರು ತಿಂಗಳಿಗೆ ಅನೇಕ ಮನೆಗಳಲ್ಲಿ ಒಂದು ಬಗೆಯ ಮೌನ ಆವರಿಸುತ್ತದೆ. ಕಾಲೇಜಿನ ಮೊದಲ ಕಿರುಪರೀಕ್ಷೆಯ ಅಂಕಗಳು ಬಂದಿರುತ್ತವೆ. ಭೌತಶಾಸ್ತ್ರ ಕಠಿಣವೆಂದು ಎಲ್ಲರೂ ಮೊದಲೇ ಮನಸ್ಸು ಗಟ್ಟಿಮಾಡಿಕೊಂಡಿರುತ್ತಾರೆ. ಜೀವಶಾಸ್ತ್ರಕ್ಕೆ ಓದುವುದು ಬಹಳವಿದೆ ಎಂಬುದೂ ತಿಳಿದ ಸಂಗತಿಯೇ. ಆದರೆ ‘ಬಾಯಿಪಾಠ ಮಾಡಿದರೆ ಸಾಕು’ ಎಂದು ಎಲ್ಲರೂ ನಂಬಿದ್ದ ರಸಾಯನಶಾಸ್ತ್ರದಲ್ಲಿಯೇ, ಹತ್ತರಲ್ಲಿ ತೊಂಬತ್ತರ ಮೇಲೆ ಅಂಕ ಪಡೆದ ಮಗು ಅರ್ಧಕ್ಕೆ ನಿಂತುಬಿಟ್ಟಿರುತ್ತದೆ.

ಇದು ಸಣ್ಣ ಸಂಗತಿಯಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 45, ಎಂಜಿನಿಯರಿಂಗ್‌ನ ಜೆಇಇ ಮೇನ್ ಪರೀಕ್ಷೆಯ 75 ಪ್ರಶ್ನೆಗಳಲ್ಲಿ 25 ಈ ಒಂದೇ ವಿಷಯದವು ಎಂಬುದು 2025ರ ಪರೀಕ್ಷೆಗಳ ಲೆಕ್ಕ. ಗಣಿತ ತೆಗೆದುಕೊಂಡವರಿಗೂ ಇದು ಬೇಕು, ಜೀವಶಾಸ್ತ್ರ ತೆಗೆದುಕೊಂಡವರಿಗೂ ಬೇಕು. ಮುಂಬಯಿಯಂಥ ನಗರದಲ್ಲಿ ಹಗಲು ದುಡಿದು ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ತಲೆಮಾರಿನ ಮಕ್ಕಳು, ಮೊಮ್ಮಕ್ಕಳು ಇಂದು ಈ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಿದ್ದಾರೆ. ತರಬೇತಿ ತರಗತಿಗಳ ಶುಲ್ಕಕ್ಕಾಗಿ ಠೇವಣಿ ಮುರಿಸಲು ಬರುವವರನ್ನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನಾವು ಪ್ರತಿ ವರ್ಷ ನೋಡುತ್ತೇವೆ. ಹಣ ಹೋದರೆ ಮತ್ತೆ ಕೂಡೀತು; ‘ನನಗೆ ಇದು ಬರುವುದಿಲ್ಲ’ ಎಂದು ಹದಿನಾರರ ಮಗು ನಿರ್ಧರಿಸಿಬಿಟ್ಟರೆ ಆ ನಷ್ಟವನ್ನು ತುಂಬುವುದು ಸುಲಭವಲ್ಲ.

ನಾವು ಓದಿದ್ದು ಕಲಾವಿಭಾಗ. ಮನೆಯ ಮಗುವಿನೊಡನೆ ಎರಡು ವರ್ಷ ಈ ಪುಸ್ತಕಗಳ ಮುಂದೆ ಕುಳಿತಾಗ ನಮಗೆ ಸ್ಪಷ್ಟವಾದ ಮಾತು ಒಂದೇ: ಈ ಪಠ್ಯದಲ್ಲಿ ಅಧ್ಯಾಯಗಳು ಹಲವಾದರೂ ಬೇರುಗಳು ಕೆಲವೇ, ಮತ್ತು ಆ ಬೇರುಗಳೆಲ್ಲ ಹನ್ನೊಂದನೆಯ ತರಗತಿಯಲ್ಲಿವೆ. 2023ರ ಪಠ್ಯಕಡಿತದ ನಂತರ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಹನ್ನೊಂದಕ್ಕೆ 9, ಹನ್ನೆರಡಕ್ಕೆ 10 ಅಧ್ಯಾಯಗಳು ಉಳಿದವು. ರಾಜ್ಯ ಮಂಡಳಿಗಳ ಪುಸ್ತಕಗಳಲ್ಲಿ ಸಂಖ್ಯೆ, ಕ್ರಮ ಬೇರೆಯಾಗಿದ್ದರೂ ತಿರುಳು ಬೇರೆಯಲ್ಲ. ಹನ್ನೆರಡರ ಅಂಕವೇ ಲೆಕ್ಕಕ್ಕೆ ಬರುವುದೆಂದು ಹನ್ನೊಂದನ್ನು ಹಗುರವಾಗಿ ಕಳೆದವರು, ಹನ್ನೆರಡರಲ್ಲಿ ಬೇರಿಲ್ಲದ ಕೊಂಬೆಗಳನ್ನು ಹಿಡಿದು ಜೋತಾಡಬೇಕಾಗುತ್ತದೆ.

ಮೊದಲ ಬೇರು ಮೋಲ್. ಬಹುತೇಕ ಮಕ್ಕಳು ಎಡವುವುದು ಇಲ್ಲಿಯೇ, ಅದೂ ಪಠ್ಯದ ಮೊದಲ ಅಧ್ಯಾಯದಲ್ಲಿಯೇ. ಮೋಲ್ ಎಂದರೆ ಒಂದು ಎಣಿಕೆ, ಅಷ್ಟೇ. ಡಜನ್ ಎಂದರೆ 12, ಗ್ರೋಸ್ ಎಂದರೆ 144, ಮೋಲ್ ಎಂದರೆ 6.022ನ್ನು 10ರ 23ನೆಯ ಘಾತದಿಂದ ಗುಣಿಸಿದಷ್ಟು. ಹಿಂದೆ ಇದನ್ನು 12 ಗ್ರಾಂ ಇಂಗಾಲದ ಆಧಾರದ ಮೇಲೆ ಹೇಳುತ್ತಿದ್ದರು. 2019ರ ಮೇ 20ರಿಂದ ಈ ಸಂಖ್ಯೆಯನ್ನೇ ನಿಶ್ಚಿತವಾಗಿ ಗೊತ್ತುಪಡಿಸಿ ವ್ಯಾಖ್ಯೆ ಮಾಡಲಾಗಿದೆ. ಇಷ್ಟು ದೊಡ್ಡ ಎಣಿಕೆಯಿಂದ ಏನು ಉಪಯೋಗ ಎಂಬುದೇ ಮಕ್ಕಳಿಗೆ ಹೊಳೆಯದ ಸಂಗತಿ.

ಇದಕ್ಕೆ ನಮ್ಮ ಬ್ಯಾಂಕಿನ ಉದಾಹರಣೆಯೇ ಸಾಕು. ಸಣ್ಣ ನಾಣ್ಯಗಳ ಮೂಟೆ ಬಂದಾಗ ಒಂದೊಂದಾಗಿ ಎಣಿಸುತ್ತ ಕೂರಬೇಕಾಗಿಲ್ಲ. ಒಂದು, ಎರಡು ರೂಪಾಯಿಯ ನಾಣ್ಯಗಳನ್ನು ತೂಗಿ ಸ್ವೀಕರಿಸಬಹುದೆಂದು ರಿಸರ್ವ್ ಬ್ಯಾಂಕೇ ಸೂಚಿಸಿದೆ. ಒಂದು ನಾಣ್ಯದ ತೂಕ 5 ಗ್ರಾಂ ಎಂದು ಇಟ್ಟುಕೊಂಡರೆ, 500 ಗ್ರಾಮಿನ ಪೊಟ್ಟಣದಲ್ಲಿ 100 ನಾಣ್ಯಗಳಿವೆ ಎಂದು ಚೀಲ ಬಿಚ್ಚದೆಯೇ ಹೇಳಬಹುದು. ರಸಾಯನಶಾಸ್ತ್ರಜ್ಞ ಮಾಡುವುದೂ ಇದನ್ನೇ. ಪರಮಾಣುಗಳನ್ನು ಎಣಿಸಲು ಯಾರಿಂದಲೂ ಆಗದು. ತೂಗಲು ಎಲ್ಲರಿಂದಲೂ ಆಗುತ್ತದೆ. 12 ಗ್ರಾಂ ಇಂಗಾಲ, 18 ಗ್ರಾಂ ನೀರು, 58.5 ಗ್ರಾಂ ಅಡುಗೆ ಉಪ್ಪು, ಇವು ತೂಕದಲ್ಲಿ ಬೇರೆ ಬೇರೆಯಾದರೂ ಎಣಿಕೆಯಲ್ಲಿ ಒಂದೊಂದು ಮೋಲ್. ವಸ್ತುಗಳು ಒಂದರೊಡನೊಂದು ಕೂಡುವುದು ಎಣಿಕೆಯ ಲೆಕ್ಕದಲ್ಲಿ, ನಮ್ಮ ಕೈಯಲ್ಲಿರುವುದು ತಕ್ಕಡಿ. ಇವೆರಡರ ನಡುವಿನ ಸೇತುವೆಯೇ ಮೋಲ್.

ಒಂದು ಲೆಕ್ಕವನ್ನು ನೋಡೋಣ. ಒಂದು ಮೋಲ್ ಸಾರಜನಕ ಮೂರು ಮೋಲ್ ಜಲಜನಕದೊಡನೆ ಸೇರಿ ಎರಡು ಮೋಲ್ ಅಮೋನಿಯ ಆಗುತ್ತದೆ. ತೂಕದಲ್ಲಿ ಹೇಳುವುದಾದರೆ 28 ಗ್ರಾಂ ಮತ್ತು 6 ಗ್ರಾಂ ಸೇರಿ 34 ಗ್ರಾಂ. ಈಗ 28 ಗ್ರಾಂ ಸಾರಜನಕಕ್ಕೆ 3 ಗ್ರಾಂ ಜಲಜನಕ ಮಾತ್ರ ಕೊಟ್ಟು, ಅದೆಲ್ಲ ಕೂಡಿಕೊಂಡರೆ ಅಮೋನಿಯ ಎಷ್ಟು? ಎರಡನ್ನೂ ಕೂಡಿಸಿ 31 ಎಂದು ಬರೆಯುವ ಮಕ್ಕಳುಂಟು. ಜಲಜನಕ ಇರುವುದು ಒಂದೂವರೆ ಮೋಲ್. ಅದಕ್ಕೆ ಬೇಕಾಗುವ ಸಾರಜನಕ ಅರ್ಧ ಮೋಲ್. ಆದ್ದರಿಂದ ದೊರೆಯುವುದು ಒಂದು ಮೋಲ್ ಅಮೋನಿಯ, ಅಂದರೆ 17 ಗ್ರಾಂ. 14 ಗ್ರಾಂ ಸಾರಜನಕ ಹಾಗೆಯೇ ಉಳಿಯುತ್ತದೆ. ಹಿಟ್ಟು ಎಷ್ಟಿದ್ದರೇನು, ಹೂರಣವಿದ್ದಷ್ಟೇ ಹೋಳಿಗೆ. ಇಂಥ ಐವತ್ತು ಲೆಕ್ಕಗಳನ್ನು ಕೈಯಾರೆ ಬರೆದು ಮಾಡದೆ ಮುಂದಿನ ಅಧ್ಯಾಯಕ್ಕೆ ಹೋಗಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ದ್ರಾವಣಗಳ ಸಾರತೆ, ವಿದ್ಯುದ್ವಿಭಜನೆಯಲ್ಲಿ ಸಂಗ್ರಹವಾಗುವ ಲೋಹದ ತೂಕ, ಪ್ರಯೋಗಶಾಲೆಯ ಅನುಮಾಪನ, ಇವೆಲ್ಲವೂ ಈ ಲೆಕ್ಕದ ವೇಷಾಂತರಗಳೇ.

ಎರಡನೆಯ ಬೇರು ಇಲೆಕ್ಟ್ರಾನು. ಪರಮಾಣುವಿನ ರಚನೆ, ಆವರ್ತಕ ಕೋಷ್ಟಕ, ರಾಸಾಯನಿಕ ಬಂಧ ಎಂಬ ಮೂರು ಅಧ್ಯಾಯಗಳನ್ನು ಪುಸ್ತಕ ಬೇರೆ ಬೇರೆ ಇಟ್ಟಿದ್ದರೂ ಅವು ಒಂದೇ ಕಥೆ. ಸೋಡಿಯಂ ಪರಮಾಣುವಿನಲ್ಲಿ 11 ಇಲೆಕ್ಟ್ರಾನುಗಳು. ಸರಳವಾಗಿ ಹೇಳುವುದಾದರೆ 2, 8, 1 ಎಂಬ ಜೋಡಣೆ. ಹೊರಗಿನ ಆ ಒಂದನ್ನು ಕೀಳಲು ಮೋಲಿಗೆ 496 ಕಿಲೋಜೌಲ್ ಶಕ್ತಿ ಸಾಕು. ಎರಡನೆಯದನ್ನು ಕೀಳಬೇಕಾದರೆ 4562 ಬೇಕು! ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮಗುವಿಗೆ ಸೋಡಿಯಂ ಏಕೆ ಒಂದೇ ಧನಾವೇಶದ ಅಯಾನಾಗುತ್ತದೆ ಎಂದು ಬಾಯಿಪಾಠ ಮಾಡಬೇಕಾಗಿಲ್ಲ. ಕೋಷ್ಟಕದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಮಾಣು ಏಕೆ ಕಿರಿದಾಗುತ್ತದೆ, ಮೇಲಿನಿಂದ ಕೆಳಕ್ಕೆ ಬಂದಂತೆ ಏಕೆ ಹಿರಿದಾಗುತ್ತದೆ, ಎಂಬ ಪ್ರಶ್ನೆಗಳಿಗೂ ಬೀಜಕೇಂದ್ರದ ಸೆಳೆತ ಮತ್ತು ನಡುವಿನ ಇಲೆಕ್ಟ್ರಾನುಗಳ ಮರೆ ಎಂಬೆರಡರಿಂದಲೇ ಉತ್ತರ ಹುಡುಕಬಹುದು.

ಆವರ್ತಕ ಕೋಷ್ಟಕವನ್ನು ಮಂತ್ರದಂತೆ ಉರುಹೊಡೆಯುವವರಿಗೆ ಮೆಂಡಲೀವನ ಕಥೆಯನ್ನು ಹೇಳಬೇಕು. 1869ರಲ್ಲಿ ಆತ ತನ್ನ ಕೋಷ್ಟಕವನ್ನು ಪ್ರಕಟಿಸಿದಾಗ ಕೆಲವು ಮನೆಗಳನ್ನು ಖಾಲಿ ಬಿಟ್ಟ. ಅಲ್ಲಿಗೆ ಬರಬೇಕಾದ, ಇನ್ನೂ ಯಾರೂ ಕಾಣದ ಧಾತುಗಳನ್ನು ಹೆಸರಿಸಲು ಅವನು ಬಳಸಿದ್ದು ಸಂಸ್ಕೃತದ ‘ಏಕ’ ಎಂಬ ಶಬ್ದವನ್ನು: ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ಏಕ-ಸಿಲಿಕಾನಿನ ಪರಮಾಣು ತೂಕ 72ರ ಆಸುಪಾಸಿನಲ್ಲಿರುವುದೆಂದು 1871ರಲ್ಲಿ ಆತ ಬರೆದಿಟ್ಟ. 1886ರಲ್ಲಿ ಜರ್ಮೇನಿಯಂ ದೊರೆತಾಗ ಅದು 72.6ರ ಹತ್ತಿರವಿತ್ತು. ಕಾಣದ ಧಾತುವಿನ ಗುಣವನ್ನು ಸ್ಥಾನ ನೋಡಿ ಹೇಳಿದವನ ಕೋಷ್ಟಕವನ್ನು, ಕಂಡ ಧಾತುಗಳ ಗುಣವನ್ನು ಹೇಳಲು ನಮ್ಮ ಮಕ್ಕಳು ಬಳಸದಿರುವುದು ವಿಪರ್ಯಾಸವೇ ಸರಿ.

ಬಂಧಗಳ ಅಧ್ಯಾಯದಲ್ಲಿ ಒಂದು ಹೋಲಿಕೆಯನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇವೆ. ನೀರಿನ ಅಣುತೂಕ 18, ಅದರದೇ ಗುಂಪಿನ ಹೈಡ್ರೋಜನ್ ಸಲ್ಫೈಡಿನದು 34. ಭಾರವಾದದ್ದು ಹೆಚ್ಚು ಉಷ್ಣತೆಯಲ್ಲಿ ಕುದಿಯಬೇಕಷ್ಟೆ? ಆದರೆ ನೀರು ಕುದಿಯುವುದು 100 ಡಿಗ್ರಿಯಲ್ಲಿ, ಇನ್ನೊಂದು ಸೊನ್ನೆಗಿಂತ 60 ಡಿಗ್ರಿ ಕೆಳಗೆಯೇ ಅನಿಲವಾಗಿಬಿಡುತ್ತದೆ. ನೀರಿನ ಅಣುಗಳು ಜಲಜನಕ ಬಂಧಗಳಿಂದ ಒಂದನ್ನೊಂದು ಕೈಹಿಡಿದಿರುವುದೇ ಕಾರಣ. ಈ ಕೈಹಿಡಿತ ಇಲ್ಲದಿದ್ದರೆ ಅರಬ್ಬೀ ಸಮುದ್ರವೂ ಇಲ್ಲ, ಕಾವೇರಿಯೂ ಇಲ್ಲ.

ಮೂರನೆಯ ಬೇರಾದ ಸಮತೋಲದ ಬಗೆಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಅದನ್ನು ಅರ್ಥಮಾಡಿಕೊಂಡೆವೆಂದು ಎಲ್ಲರೂ ಭಾವಿಸುತ್ತಾರೆ. ಸಮತೋಲವೆಂದರೆ ಎಲ್ಲವೂ ನಿಂತುಹೋದ ಸ್ಥಿತಿಯಲ್ಲ. ಒಂದು ಶಾಖೆಯಲ್ಲಿ ದಿನವಿಡೀ ಜನ ಹಣ ಕಟ್ಟುತ್ತಾರೆ, ಜನ ಹಣ ತೆಗೆಯುತ್ತಾರೆ. ಕಟ್ಟಿದ್ದೂ ತೆಗೆದದ್ದೂ ಸರಿಸಮವಾದರೆ ಸಂಜೆ ತಿಜೋರಿಯ ಮೊತ್ತ ಬೆಳಗಿನಷ್ಟೇ ಇರುತ್ತದೆ. ಮೊತ್ತ ಬದಲಾಗಲಿಲ್ಲವೆಂದು ಕೆಲಸ ನಡೆಯಲಿಲ್ಲ ಎನ್ನಲು ಬರುತ್ತದೆಯೆ? ಸಾರಜನಕ, ಜಲಜನಕ ಕೂಡಿ ಅಮೋನಿಯ ಆಗುತ್ತಲೇ ಇರುತ್ತದೆ, ಅಮೋನಿಯ ಒಡೆದು ಮತ್ತೆ ಅವೆರಡೂ ಆಗುತ್ತಲೇ ಇರುತ್ತವೆ. ಎರಡರ ವೇಗವೂ ಸಮವಾದಾಗ ಪ್ರಮಾಣಗಳು ಸ್ಥಿರವಾಗುತ್ತವೆ.

ಈ ಸ್ಥಿತಿಯನ್ನು ಕದಡಿದರೆ ಅದು ಕದಡಿಕೆಯನ್ನು ತಗ್ಗಿಸುವ ದಿಕ್ಕಿಗೆ ವಾಲುತ್ತದೆ ಎಂದು 1884ರಲ್ಲಿ ಹೇಳಿದವನು ಫ್ರಾನ್ಸಿನ ಲೆ ಷಾಟೆಲಿಯೆ. ಅಮೋನಿಯ ಉಂಟಾಗುವಾಗ ಶಾಖ ಹೊರಬೀಳುತ್ತದೆ. ಆದ್ದರಿಂದ ತಣ್ಣಗಿದ್ದರೆ ಅಮೋನಿಯ ಹೆಚ್ಚು. ನಾಲ್ಕು ಮೋಲ್ ಅನಿಲದಿಂದ ಎರಡು ಮೋಲ್ ಅನಿಲವಾಗುತ್ತದೆ. ಆದ್ದರಿಂದ ಒತ್ತಡ ಹೆಚ್ಚಿಸಿದರೆ ಅಮೋನಿಯ ಹೆಚ್ಚು. ಹಾಗಾದರೆ ಕಾರ್ಖಾನೆಯಲ್ಲಿ 400ರಿಂದ 500 ಡಿಗ್ರಿಯವರೆಗೆ ಕಾಯಿಸುವುದೇಕೆ? ತಣ್ಣಗಿದ್ದರೆ ಅಮೋನಿಯ ಹೆಚ್ಚು ದೊರೆಯುವುದು ನಿಜ, ಆದರೆ ಅದು ದೊರೆಯುವ ವೇಗ ಯಾವ ಉಪಯೋಗಕ್ಕೂ ಬಾರದಷ್ಟು ನಿಧಾನ. ಎಷ್ಟು ದೊರೆಯುತ್ತದೆ ಎಂಬುದು ಒಂದು ಪ್ರಶ್ನೆ, ಎಷ್ಟು ಬೇಗ ದೊರೆಯುತ್ತದೆ ಎಂಬುದು ಮತ್ತೊಂದು. ಮೊದಲನೆಯದಕ್ಕೆ ಉಷ್ಣಬಲವಿಜ್ಞಾನ, ಎರಡನೆಯದಕ್ಕೆ ಕ್ರಿಯಾವೇಗದ ಅಧ್ಯಾಯ. ಕಬ್ಬಿಣದ ಕ್ರಿಯಾವರ್ಧಕ ಎರಡನೆಯ ಪ್ರಶ್ನೆಗೆ ಮಾತ್ರ ಸಹಾಯಕ. ಅದು ಸಮತೋಲವನ್ನು ಬೇಗ ತಂದುಕೊಡುತ್ತದೆಯೇ ಹೊರತು ಒಂದು ಕಡೆಗೆ ವಾಲಿಸುವುದಿಲ್ಲ. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕೇಳುವ ಬಲೆ ಇದೇ. ಹೇಬರ್ ಕಂಡುಹಿಡಿದು ಬಾಷ್ ದೊಡ್ಡ ಪ್ರಮಾಣಕ್ಕೆ ತಂದ ಈ ವಿಧಾನದ ಮೊದಲ ಕಾರ್ಖಾನೆ 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಆರಂಭವಾಯಿತು. ನಮ್ಮ ಚೆಂಬೂರಿನ ಪಕ್ಕದ ಟ್ರಾಂಬೆಯ ರಾಷ್ಟ್ರೀಯ ಕೆಮಿಕಲ್ಸ್ ಮತ್ತು ಫರ್ಟಿಲೈಜರ್ಸ್ ಕಾರ್ಖಾನೆ, ಊರ ಕಡೆಯ ಪಣಂಬೂರಿನ ಗೊಬ್ಬರದ ಕಾರ್ಖಾನೆ, ಇವುಗಳಲ್ಲಿ ಯೂರಿಯ ತಯಾರಾಗುವುದು ಅಮೋನಿಯದಿಂದಲೇ. ಮಗುವಿನ ಪುಸ್ತಕದ ಆ ಎರಡು ದಿಕ್ಕಿನ ಬಾಣದ ಗುರುತಿನಲ್ಲಿ ಲಕ್ಷಾಂತರ ರೈತರ ಬೆಳೆಯಿದೆ.

ಆಮ್ಲ, ಪ್ರತ್ಯಾಮ್ಲಗಳೂ ಸಮತೋಲದ ಮಕ್ಕಳೇ. ಅರಿಶಿನಕ್ಕೆ ಸುಣ್ಣ ಬೆರೆಸಿದ ಆರತಿಯ ನೀರು ಕೆಂಪಾಗುವುದನ್ನು ನೋಡದ ಕನ್ನಡದ ಮಗುವಿರಲಾರದು; ಪ್ರತ್ಯಾಮ್ಲದ ಸೂಚಕವನ್ನು ನಮ್ಮ ಅಜ್ಜಿಯರು ತಟ್ಟೆಯಲ್ಲಿಟ್ಟು ಬೆಳಗುತ್ತಿದ್ದರು. ಅದೇ ನೀರಿಗೆ ನಿಂಬೆರಸ ಹಿಂಡಿದರೆ ಹಳದಿ ಮರಳುತ್ತದೆ. ಪಿಎಚ್ ಎಂಬುದು ಲಾಗರಿತಮ್ ಅಳತೆಯೆಂಬುದನ್ನು ಮಾತ್ರ ಮರೆಯಬಾರದು: 7ರಿಂದ 4ಕ್ಕೆ ಇಳಿದರೆ ಜಲಜನಕ ಅಯಾನುಗಳು ಮೂರು ಪಟ್ಟು ಹೆಚ್ಚಿದ್ದಲ್ಲ, ಸಾವಿರ ಪಟ್ಟು.

ಹನ್ನೆರಡನೆಯ ತರಗತಿಯ ವಿದ್ಯುತ್ ರಸಾಯನವೂ ಕ್ರಿಯಾವೇಗವೂ ಸೂತ್ರಗಳಿಂದ ಹೆದರಿಸುತ್ತವೆ, ಆದರೆ ಹೆಚ್ಚು ಅಂಕ ಕೊಡುವವೂ ಅವೇ. ಸತುವಿನ ವಿಭವ ಋಣ 0.76, ತಾಮ್ರದ್ದು ಧನ 0.34, ಇವುಗಳ ಅಂತರ 1.10 ವೋಲ್ಟ್, ಅದೇ ಡೇನಿಯಲ್ ಕೋಶ. ಇಷ್ಟು ತಿಳಿದವರಿಗೆ ಉಳಿದದ್ದು ಅಭ್ಯಾಸ ಮಾತ್ರ. ಕ್ರಿಯಾವೇಗದಲ್ಲಿ ಬರುವ 0.693 ಎಂಬ ಸಂಖ್ಯೆಯನ್ನು ಕಂಡಾಗ ನಮಗೆ ಹಳೆಯ ಪರಿಚಯಸ್ಥರನ್ನು ಕಂಡಂತಾಯಿತು. ಶೇಕಡಾ 7ರ ಚಕ್ರಬಡ್ಡಿಯಲ್ಲಿ ಹಣ ಸುಮಾರು 10 ವರ್ಷಕ್ಕೆ ಇಮ್ಮಡಿಯಾಗುವುದು ಇದೇ ಸಂಖ್ಯೆಯ ಪ್ರಭಾವದಿಂದ. ಅಲ್ಲಿ ಇಮ್ಮಡಿಯಾಗುವುದು, ಇಲ್ಲಿ ಅರ್ಧಕ್ಕಿಳಿಯುವುದು, ಗಣಿತ ಒಂದೇ.

ಇನ್ನು ಸಾವಯವ ರಸಾಯನ. ಅರ್ಧ ವರ್ಷ ಕಳೆಯುವಷ್ಟರಲ್ಲಿ ಗೋಡೆಯ ತುಂಬ ವ್ಯಕ್ತಿನಾಮದ ಕ್ರಿಯೆಗಳ ಪಟ್ಟಿ ಅಂಟಿಸಿಕೊಂಡ ಮಕ್ಕಳನ್ನು ನೋಡಿದ್ದೇವೆ. ಪಟ್ಟಿ ಬೆಳೆದಂತೆ ತಲೆ ಭಾರವಾಗುತ್ತದೆಯೇ ಹೊರತು ವಿಷಯ ಹಗುರವಾಗುವುದಿಲ್ಲ. ಕಲಾವಿಭಾಗದವರಾದ ನಮಗೆ ಇದು ವ್ಯಾಕರಣದಂತೆ ಕಂಡಿತು. ಸಂಯುಕ್ತಗಳ ಹೆಸರುಗಳಲ್ಲಿ ಪ್ರಕೃತಿ ಉಂಟು, ಪ್ರತ್ಯಯ ಉಂಟು: ಒಂದು ಇಂಗಾಲಕ್ಕೆ ಮೆಥ್, ಎರಡಕ್ಕೆ ಎಥ್, ಮೂರಕ್ಕೆ ಪ್ರೋಪ್, ಒಂಟಿ ಬಂಧಕ್ಕೆ ಏನ್, ಜೋಡಿ ಬಂಧಕ್ಕೆ ಈನ್, ಮದ್ಯಸಾರಕ್ಕೆ ಆಲ್. ಕ್ರಿಯೆಗಳಲ್ಲಿ ಸಂಧಿನಿಯಮ ಉಂಟು. ಇಲೆಕ್ಟ್ರಾನ್ ಜೋಡಿ ಹೆಚ್ಚಾಗಿರುವ ಕಡೆಯಿಂದ ಕೊರತೆಯಿರುವ ಕಡೆಗೆ ನಡೆಯುತ್ತದೆ ಎಂಬುದೇ ಆ ನಿಯಮ. ಆ ನಡೆಯನ್ನು ತೋರಿಸುವ ಬಾಗಿದ ಬಾಣವನ್ನು 1920ರ ದಶಕದಲ್ಲಿ ಬಳಕೆಗೆ ತಂದವರಲ್ಲಿ ರಾಬರ್ಟ್ ರಾಬಿನ್ಸನ್ ಮುಖ್ಯರು.

ಕಾರ್ಬೊನಿಲ್ ಗುಂಪನ್ನೇ ನೋಡಿ. ಅಲ್ಲಿ ಇಂಗಾಲ ಮತ್ತು ಆಮ್ಲಜನಕ ಜೋಡಿ ಬಂಧದಲ್ಲಿವೆ. ಆಮ್ಲಜನಕ ಇಲೆಕ್ಟ್ರಾನುಗಳನ್ನು ತನ್ನೆಡೆಗೆ ಎಳೆದುಕೊಂಡಿರುವುದರಿಂದ ಇಂಗಾಲ ಬಡವಾಗಿದೆ. ಸಯನೈಡ್ ಬರಲಿ, ಗ್ರಿನ್ಯಾರ್ ಕಾರಕ ಬರಲಿ, ಮದ್ಯಸಾರ ಬರಲಿ, ಅಮೋನಿಯದ ಸಂಬಂಧಿಗಳು ಬರಲಿ, ಎಲ್ಲರೂ ದಾಳಿಯಿಡುವುದು ಆ ಇಂಗಾಲದ ಮೇಲೆಯೇ. ಪುಸ್ತಕದಲ್ಲಿ ನಾಲ್ಕಾಗಿ ಕಾಣುವ ಕ್ರಿಯೆಗಳು ನಿಜವಾಗಿ ಒಂದೇ ಕ್ರಿಯೆಯ ನಾಲ್ಕು ಉದಾಹರಣೆಗಳು. ಪಕ್ಕದ ಇಂಗಾಲದ ಮೇಲೆ ಜಲಜನಕವಿದ್ದ ಆಲ್ಡಿಹೈಡಿಗೆ ದುರ್ಬಲ ಕ್ಷಾರ ಹಾಕಿದರೆ ಆಲ್ಡಾಲ್ ಕ್ರಿಯೆ. ಫಾರ್ಮಾಲ್ಡಿಹೈಡ್, ಬೆಂಜಾಲ್ಡಿಹೈಡುಗಳಂತೆ ಅದು ಇಲ್ಲದಿದ್ದರೆ, ಪ್ರಬಲ ಕ್ಷಾರದಲ್ಲಿ ಕ್ಯಾನಿಜಾರೊ ಕ್ರಿಯೆ. ‘ಏಕೆ’ ಎಂದು ಒಮ್ಮೆ ತಿಳಿದರೆ ಇವೆರಡೂ ಎಂದಿಗೂ ಅದಲುಬದಲಾಗುವುದಿಲ್ಲ. ಪ್ರಾಸಂಗಿಕವಾಗಿ ಒಂದು ಮಾತು: 1853ರಲ್ಲಿ ಈ ಕ್ರಿಯೆಯನ್ನು ಕಂಡ ಇಟಲಿಯ ಕ್ಯಾನಿಜಾರೊನೇ, 1860ರ ಕಾರ್ಲ್ಸ್‌ರೂಹೆ ಸಮ್ಮೇಳನದ ಹೊತ್ತಿಗೆ ಅವೊಗಾಡ್ರೊನ ಮರೆತುಹೋಗಿದ್ದ ವಿಚಾರವನ್ನು ಎತ್ತಿಹಿಡಿದು ಪರಮಾಣು ತೂಕಗಳ ಗೊಂದಲವನ್ನು ಬಗೆಹರಿಸಿದವನು. ಪುಸ್ತಕದ ಮೊದಲ ಅಧ್ಯಾಯವೂ ಕೊನೆಯ ಭಾಗದ ಅಧ್ಯಾಯವೂ ಒಬ್ಬನಲ್ಲಿ ಕೂಡಿದ ಬಗೆ ಇದು.

ನಿರವಯವ ಭಾಗದಲ್ಲಿ ನೆನಪಿಡಬೇಕಾದದ್ದು ಇದ್ದೇ ಇದೆ, ಇಲ್ಲವೆಂದು ನಾವು ಹೇಳುವುದಿಲ್ಲ. ಆದರೂ ಅಲ್ಲಿಯೂ ತರ್ಕದ ಸೊಗಸಿದೆ. ಕೋಬಾಲ್ಟ್ ಕ್ಲೋರೈಡು ಆರು ಅಮೋನಿಯಗಳೊಡನೆ ಸೇರಿದ್ದಾಗ ಸಿಲ್ವರ್ ನೈಟ್ರೇಟ್ ಹಾಕಿದರೆ ಮೂರೂ ಕ್ಲೋರೈಡುಗಳು ಬಿಳಿಯ ಗಷ್ಟಾಗಿ ಇಳಿಯುತ್ತವೆ. ಐದು ಅಮೋನಿಯಗಳಿದ್ದರೆ ಎರಡು, ನಾಲ್ಕಿದ್ದರೆ ಒಂದೇ. ಇಳಿಯದೆ ಉಳಿದ ಕ್ಲೋರೈಡುಗಳು ಲೋಹಕ್ಕೆ ನೇರವಾಗಿ ಅಂಟಿವೆ, ಲೋಹದ ಸುತ್ತ ಯಾವಾಗಲೂ ಆರು ಜನ ಇರಲೇಬೇಕು ಎಂದು 1893ರಲ್ಲಿ ವರ್ನರ್ ತರ್ಕಿಸಿದ, 1913ರಲ್ಲಿ ನೊಬೆಲ್ ಪಡೆದ. ಆವರೆಗೆ ಇಲೆಕ್ಟ್ರಾನಿನ ಹೆಸರಿನಲ್ಲಿ ಬಂಧಗಳನ್ನು ವಿವರಿಸುವ ಪರಿಪಾಠವೇ ಇರಲಿಲ್ಲ ಎಂಬುದನ್ನು ನೆನೆದರೆ ಆ ತರ್ಕದ ಬೆಲೆ ತಿಳಿಯುತ್ತದೆ.

ಪೋಷಕರು ಗಮನಿಸಬೇಕಾದ ಒಂದು ವ್ಯಾವಹಾರಿಕ ವಿಷಯ. 2023ರ ಕಡಿತದಲ್ಲಿ ಪಿ-ಗುಂಪಿನ ಧಾತುಗಳ ಅಧ್ಯಾಯವನ್ನು ಎನ್‌ಸಿಇಆರ್‌ಟಿ ಪುಸ್ತಕಗಳಿಂದ ತೆಗೆಯಲಾಯಿತು; ಆದರೆ 2024ರ ನೀಟ್ ಮತ್ತು ಜೆಇಇ ಮೇನ್ ಪಠ್ಯಸೂಚಿಗಳಲ್ಲಿ ಅದು ಉಳಿದುಕೊಂಡಿತು. ಆದ್ದರಿಂದ ಆಯಾ ವರ್ಷದ ಪಠ್ಯಸೂಚಿಯನ್ನು ಪರೀಕ್ಷಾ ಸಂಸ್ಥೆಯ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು, ನೆರೆಮನೆಯ ಅಣ್ಣನ ಹಳೆಯ ಪುಸ್ತಕವನ್ನು ರದ್ದಿಗೆ ಹಾಕಲು ಆತುರಪಡಬಾರದು.

ವಿಜ್ಞಾನ ಓದದ ತಂದೆತಾಯಿಯರು ಏನು ಮಾಡಬಹುದೆಂದು ಕೇಳುವವರಿದ್ದಾರೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ, ಅಂದು ಓದಿದ್ದನ್ನು ಪುಸ್ತಕ ಮುಚ್ಚಿ ಕನ್ನಡದಲ್ಲಿ ಹೇಳೆಂದು ಮಗುವನ್ನು ಕೇಳಬಹುದು. ಪಾರಿಭಾಷಿಕ ಪದಗಳು ಇಂಗ್ಲಿಷಿನವೇ ಇರಲಿ, ವಾಕ್ಯ ಮನೆಮಾತಿನದಾಗಿರಲಿ. ಅರ್ಥವಾಗದ ಕಡೆ ಮಾತು ತಾನಾಗಿಯೇ ತಡವರಿಸುತ್ತದೆ. ಮರುದಿನ ಎಲ್ಲಿಂದ ಓದಬೇಕೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಇದಕ್ಕೆ ಶುಲ್ಕವಿಲ್ಲ.

ಕೊನೆಯದಾಗಿ ಪ್ರಯೋಗಶಾಲೆ. ಸಿಬಿಎಸ್ಇಯಲ್ಲಿಯೂ ಮಹಾರಾಷ್ಟ್ರ ಮಂಡಳಿಯಲ್ಲಿಯೂ 100ರಲ್ಲಿ 30 ಅಂಕ ಇದಕ್ಕಿದ್ದರೂ, ತರಬೇತಿಯ ಓಟದಲ್ಲಿ ಮಕ್ಕಳು ಇದನ್ನು ದಾಟಿಬಿಡುತ್ತಾರೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ಅನುಮಾಪನ ಎಲ್ಲರೂ ಮಾಡುವ ಪ್ರಯೋಗ. ಆಕ್ಸಾಲಿಕ್ ಆಮ್ಲವಾದರೆ 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು, ಏಕೆಂದರೆ ತಣ್ಣಗಿದ್ದಾಗ ಆ ಕ್ರಿಯೆ ನಿಧಾನ. ಮೋರ್ ಲವಣವಾದರೆ ಬಿಸಿ ಮಾಡಬಾರದು, ಕಬ್ಬಿಣದ ಅಯಾನು ಗಾಳಿಯಲ್ಲಿಯೇ ಉತ್ಕರ್ಷಣಗೊಂಡುಬಿಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವನ್ನು ಪರ್ಮಾಂಗನೇಟೇ ಕ್ಲೋರಿನ್ ಮಾಡಿಬಿಡುವುದರಿಂದ ಸಲ್ಫ್ಯೂರಿಕ್ ಆಮ್ಲವನ್ನೇ ಹಾಕಬೇಕು. ದ್ರಾವಣ ಗಾಢ ಬಣ್ಣದ್ದಾದ್ದರಿಂದ ಬ್ಯುರೆಟ್ಟಿನಲ್ಲಿ ಮೇಲಿನ ಅಂಚನ್ನು ಓದಬೇಕು. ಮೊದಲ ಹನಿಗಳ ಬಣ್ಣ ಮಾಯವಾಗಲು ಹೊತ್ತು ಹಿಡಿಯುತ್ತದೆ, ಆಮೇಲೆ ಬೇಗಬೇಗ ಮಾಯವಾಗುತ್ತದೆ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನೇ ಅದರ ಕ್ರಿಯಾವರ್ಧಕವಾಗುತ್ತದೆ. ಮೋಲ್, ಇಲೆಕ್ಟ್ರಾನ್, ಕ್ರಿಯಾವೇಗ ಮೂರೂ ಒಂದೇ ಶಂಕುಪಾತ್ರೆಯಲ್ಲಿವೆ. ಹನಿ ಹನಿಯಾಗಿ ಬಿಡುತ್ತ, ಪಾತ್ರೆಯನ್ನು ಆಡಿಸುತ್ತ ಹೋಗಬೇಕು. ತಿಳಿಗುಲಾಬಿ ಬಣ್ಣ ಅರ್ಧ ನಿಮಿಷ ಮಾಸದೆ ನಿಂತಿತೆಂದರೆ ಅಲ್ಲಿಗೆ ನಿಲ್ಲಿಸಿ ಅಳತೆ ಬರೆದುಕೊಳ್ಳಬೇಕು.